ಪಕ್ಕದ ಕುರ್ಚಿ

ಭಾನುವಾರ, ಬೆಳಿಗ್ಗೆ ಆರೂ ಹತ್ತಕ್ಕೆ ಬರೆಯಲು ಕುಳಿತೆ.

ನಮ್ಮ ಮೇಡಂ ಕೊರಳಿನ ಬುಡದಲ್ಲಿ ಸಣ್ಣ ಸರ ಹಾಕಿಕೊಂಡಂತೆ ಅಡ್ಡಕ್ಕೆ ಒಂದು ಹೊಲಿಗೆಯ ಗುರುತಿತ್ತು. ಆಪರೇಷನ್ ಆದಮೇಲೆ ದನಿ ಅರ್ಧಕ್ಕೆ ಇಳಿದಿತ್ತಂತೆ. ಚಾಮರಾಜನಗರದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಅವರು ತರಗತಿಗೆ ಬಂದರೆ, ಮಾತು ಕೇಳಿಸಲೆಂದು ನಾವೇ ಫ್ಯಾನ್ ಆರಿಸುತ್ತಿದ್ದೆವು.

ಒಂದು ದಿನ ಹೇಳಿದರು: "ಜೀವದ ಹಕ್ಕು ಕೊಡೋ ಇಪ್ಪತ್ತೊಂದನೇ ವಿಧಿಯಲ್ಲಿ ನೀರು ಅನ್ನೋ ಪದವೇ ಇಲ್ಲ. 'ಜೀವ' ಅನ್ನೋದನ್ನ ಓದ್ತಾ ಓದ್ತಾ ನ್ಯಾಯಾಲಯಗಳು ನೀರೂ ಅದರೊಳಗಿದೆ ಅಂದವು. ಅಕ್ಷರ ತಿದ್ದಲಿಲ್ಲ, ಸಂವಿಧಾನ ಬೆಳೀತು. ಅಕ್ಷರ ತಿದ್ದದೆ ಸವೆಸೋದೂ ಉಂಟು."

ಸವೆಯುವುದು ನನಗೆ ಗೊತ್ತಿತ್ತು. ಮಹಿಳಾ ಮೀಸಲಿನಲ್ಲಿ ಗೆದ್ದ ಅಮ್ಮ ಗುಂಡ್ಲುಪೇಟೆ ಕಡೆಯ ನಮ್ಮ ಪಂಚಾಯಿತಿಯ ಅಧ್ಯಕ್ಷೆ. ಆದರೆ ಪ್ರತಿ ಸಭೆಗೂ ಬಿಲ್ ಕಲೆಕ್ಟರ್ ಅವಳ ಪಕ್ಕದಲ್ಲಿ ಇನ್ನೊಂದು ಕಬ್ಬಿಣದ ಕುರ್ಚಿ ಬಿಚ್ಚಿಡುತ್ತಿದ್ದ. ಅದು ಅಪ್ಪನಿಗೆ. ಮಾತಾಡುತ್ತಿದ್ದುದು ಅಪ್ಪ, ಸಹಿ ಅಮ್ಮನದು. ಆಗ ನೀರಿನ ಟ್ಯಾಂಕಿನ ಜಾಗ ತೀರ್ಮಾನವಾಗಬೇಕಿತ್ತು. ಕೆಳಗಿನ ಬೀದಿಯ ಹೆಂಗಸರು ಲಾರಿಗಳ ನಡುವೆ ಹೆದ್ದಾರಿ ದಾಟಿ ಬಿಂದಿಗೆ ಹೊರುತ್ತಿದ್ದರು. ಅಪ್ಪ ಮೇಲಿನ ಬೀದಿಯ ಗೆಳೆಯರಿಗೆ ಮಾತು ಕೊಟ್ಟಿದ್ದರು. ಇದನ್ನೆಲ್ಲ ಹೇಳಿಕೊಂಡಾಗ ಮೇಡಂ ಕೇಳಿದ್ದು ಇಷ್ಟೇ: "ಗ್ರಾಮಸಭೆ ಯಾವತ್ತು?"

ಗ್ರಾಮಸಭೆಯ ದಿನ ನಾನು ಪಂಚಾಯಿತಿ ಹಾಲಿನೊಳಗೆ ಹೋಗುವಷ್ಟರಲ್ಲಿ ಮೇಡಂ ಅಪ್ಪನ ಕುರ್ಚಿಯಲ್ಲಿ ಕುಳಿತಿದ್ದರು.

ಅಪ್ಪ ಬಂದವರೇ ನಿಂತರು. "ಮೇಡಮ್ನೋರೇ, ಅದು ನನ್ ಕುರ್ಚಿ."

"ಹೌದಾ? ನೀವು ಯಾವ ವಾರ್ಡಿನ ಸದಸ್ಯರು?"

"ನಾ ಮೆಂಬರಲ್ಲ. ನಿಮ್ದ್ಯಾವ್ ವಾರ್ಡು?"

"ನನ್ನದೂ ಯಾವುದೂ ಇಲ್ಲ. ನಡೀರಿ, ಇಬ್ಬರೂ ಕೆಳಗೆ ಕೂರೋಣ."

ಮೇಡಂ ಎದ್ದರು. ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದರು. ಆ ಸದ್ದು ಹಾಲಿನ ತುಂಬ ಕೇಳಿಸಿತು. ಅಪ್ಪನ ಕತ್ತಿನ ನರ ಉಬ್ಬಿತ್ತು. ಹಿಂದಿನಿಂದ ಒಬ್ಬ ಅಜ್ಜಿ, "ಬಾರಪ್ಪ, ಜಮಖಾನ ಏನ್ ಕಚ್ಚಾಕಿಲ್ಲ" ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಕುಳಿತರು.

ಮೇಜಿನ ಹಿಂದೆ ಈಗ ಅಮ್ಮ ಒಬ್ಬಳೇ. ಅಭ್ಯಾಸಬಲದಿಂದ ಅಪ್ಪನ ಮುಖ ನೋಡಿದಳು, ಆಮೇಲೆ ಮೇಡಂ ಕಡೆ. ಮೇಡಂ ಬೇಕೆಂದೇ ತಲೆ ಎತ್ತಲಿಲ್ಲ.

"ಟ್ಯಾಂಕು ಕೆಳಗ್ಲ ಬೀದಿಗೆ," ಎಂದಳು ಅಮ್ಮ. "ಒಪ್ಪೋರು ಕೈ ಎತ್ತಿ."

"ನೋಡಮ್ಮಿ, ಯೋಚ್ನೆ ಮಾಡು," ಅಪ್ಪನ ದನಿ ಗಡುಸಾಗಿತ್ತು.

"ಮಾಡ್ಬುಟ್ಟೆ."

ಮೊದಲು ಎದ್ದದ್ದು ಅಜ್ಜಿಯ ಕೈ. ಆಮೇಲೆ ಎಣಿಸಲಾಗದಷ್ಟು ಬಳೆಗಳು.

ಆ ವಾರ ಅಪ್ಪ ಊಟವನ್ನು ಜಗಲಿಗೇ ತರಿಸಿಕೊಂಡರು. ಮುಂದಿನ ಸಭೆಗೆ ಬಿಲ್ ಕಲೆಕ್ಟರ್ ಮತ್ತೆ ಆ ಕುರ್ಚಿಗೆ ಕೈ ಹಾಕಿದ. "ಅದು ಅಲ್ಲೇ ಇರ್ಲಿ ಬುಡಪ್ಪ," ಎಂದಳು ಅಮ್ಮ. ಅಷ್ಟೇ.

ಗ್ರಾಮಸಭೆಯ ಸಂಜೆ ಮೇಡಂ ಅವರನ್ನು ಬಸ್ಸಿಗೆ ಬಿಡಲು ಹೋದಾಗ, ದೂರು ಬರೆಯಬಹುದಿತ್ತಲ್ಲ ಎಂದು ಕೇಳಿದ್ದೆ. "ಯಾವ ಕಾನೂನಲ್ಲೂ ಬರೆಯದೆ ಒಳಗೆ ಬಂದ ಕುರ್ಚೀನ ಬರೆಯದೇನೇ ಹೊರಗೆ ಕಳಿಸಬೇಕು ಕಣಮ್ಮಿ. ಇದು ನಾನು ಮಡಚಿದ ಮೂರನೇ ಕುರ್ಚಿ," ಎಂದರು. ಮೊದಲೆರಡು ಎಲ್ಲಿಯವು ಎನ್ನುವಷ್ಟರಲ್ಲಿ ಬಸ್ಸು ಬಂತು.

ಮೇಡಂ ಅವರ ಕೊರಳಿನ ಕಾಯಿಲೆ ಮರಳಿತು. ಕೊನೆಗೆ ಆ ಅರ್ಧ ದನಿಯೂ ಉಳಿದಿರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು.

ಎಲ್ಲದರ ಲೆಕ್ಕ ಇಡುವ ನನ್ನ ದಿನಚರಿಯಲ್ಲಿ ಆ ಎರಡು ಊರುಗಳ ಜಾಗ ಖಾಲಿಯಿದೆ. ಹರವೆ ಕಡೆಯವೋ, ಪುಣಜನೂರಿನ ಆಚೆಯವೋ, ಬಲ್ಲವರು ದಯಮಾಡಿ ನನಗೆ ಬರೆಯಿರಿ. ಅಲ್ಲಿಯ ಕುರ್ಚಿಗಳು ಇನ್ನೂ ಗೋಡೆಗೇ ಒರಗಿವೆಯೇ ಎಂಬುದನ್ನೂ ತಿಳಿಸಿ.