ತಮಟೆ ತೆಗೆದು ಗಿಟಾರ್ ಕೊಟ್ಟ ಅಣ್ಣ

ಸ್ನೇಹಿತರೇ, ನಾನು ಗಿಟಾರ್ ಹಿಡಿದಿರುವ ಫೋಟೊ ಎಲ್ಲಾದರೂ ಕಂಡರೆ ದಯವಿಟ್ಟು ನಂಬಬೇಡಿ.

ಪತ್ರಿಕೋದ್ಯಮ ಪ್ರಾಜೆಕ್ಟಿಗೆಂದು ನಾವು ನಾಲ್ಕು ಹುಡುಗಿಯರು ಹಾಡು ಕಟ್ಟಿ, ನಮ್ಮೂರಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ವಿಡಿಯೊ ಮಾಡಿದ್ದೇವೆ. ಅದರಲ್ಲಿ ಅಪ್ಪನ ತಮಟೆ ಬಡಿದವಳು ನಾನು. ಹಾಡಿನ ಆಲ್ಬಂ ಕವರಿಗೂ ನಾನು ತಮಟೆ ಹಿಡಿದ ಫೋಟೊವನ್ನೇ ಕೊಟ್ಟಿದ್ದೆವು.

ಇವತ್ತು ಮಧ್ಯಾಹ್ನ ಹುಣಸೂರಿನ ಪ್ರಿಂಟಿಂಗ್ ಅಂಗಡಿಗೆ ಹೋದರೆ ನಾಲ್ಕು ಸ್ಯಾಂಪಲ್ ಕವರ್ ರೆಡಿಯಾಗಿದ್ದವು. ನಾಲ್ಕರಲ್ಲೂ ನನ್ನ ಕೈಯಲ್ಲಿ ತಮಟೆಯ ಬದಲು ಕೆಂಪು ಗಿಟಾರ್!

"ಇದ್ಯಾಕಣ್ಣ ಹಿಂಗೆ?"

ಅಂಗಡಿಯ ಅಣ್ಣ ನಮ್ಮ ಪಕ್ಕದ ಊರಿನವನೇ. "ಓದೋ ಎಣ್ಮಕ್ಳು ಕಣವ್ವ ನೀವು. ತಮಟೆ ಇಡ್ಕಂಡ್ರೆ ನೋಡ್ದೋರು ಏನಂದ್ಕತಾರೆ? ನಿನ್ ಒಳ್ಳೇದ್ಕೇ ಮಾಡಿವ್ನಿ" ಎಂದ.

"ನಿಮ್ಮೂರ ಮಾರಿ ಅಬ್ಬಕ್ಕೆ ನಮ್ಮಪ್ಪನ್ನ ಕರುಸ್ತೀರಲ್ಲ, ಗಿಟಾರ್ ತಕ್ಕಂಡ್ ಬಾ ಅಂತೀರಾ? ಮೊದ್ಲು ನಮ್ ತಮಟೆ ವಾಪಸ್ ಆಕಿ."

ಅವನು ಕಂಪ್ಯೂಟರ್ ಮುಂದೆ ಕೂತು ಗಿಟಾರ್ ಅಳಿಸಿ ತಮಟೆ ತಂದ. ಆದರೂ ತಡೆಯಲಾರದೆ ಕೇಳಿದ: "ಬರೀ ಫೋಟೊಗಾ, ಇಲ್ಲ ಬಡಿಯಾಕೂ ಬತ್ತದಾ?"

ತಮಟೆ ನನ್ನ ಬ್ಯಾಗಿನಲ್ಲೇ ಇತ್ತು. ಚರ್ಮ ಕಾಯಿಸದೆ ಅದು ಸರಿಯಾಗಿ ನುಡಿಯುವುದಿಲ್ಲ. ಪಕ್ಕದ ಟೀ ಅಂಗಡಿಯಿಂದ ಬೆಂಕಿಪೊಟ್ಟಣ ಇಸ್ಕೊಂಡು, ಆ ನಾಲ್ಕೂ ಸ್ಯಾಂಪಲ್ ಕವರುಗಳನ್ನು ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದೆ. ತಮಟೆ ಬಿಸಿಯಾಯಿತು. ಟೀ ಕುಡಿಯುತ್ತಿದ್ದವರೆಲ್ಲ ಎದ್ದು ನಿಲ್ಲುವವರೆಗೂ ಬಡಿದೆ.

ಗಿಟಾರ್ ಕೆಲಸಕ್ಕೆ ಬಾರದ್ದು ಅಂತ ನಾನೇನೂ ಹೇಳುವುದಿಲ್ಲ. ತಮಟೆ ಕಾಯಿಸಲು ಬಹಳ ಚೆನ್ನಾಗಿದೆ.