ಮೊಣಕಾಲುದ್ದದ ಗೋವಿನಜೋಳ

ಐದು ವರ್ಷ ಗೋವಿನಜೋಳವನ್ನು ಕೆಡಿಸಿದ್ದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿತು. ಧಾರವಾಡದ ಹೊರಗಿನ ಸರ್ಕಾರಿ ಹೊಲದಲ್ಲಿ ಒಂದೊಂದು ಗಿಡದ ತುದಿಯ ಗಂಡುಹೂವಾದ ಸೂಲಂಗಿಗೂ ತೆನೆಗೂ ಕಾಗದದ ಚೀಲ ಕಟ್ಟಿ, ಆ ಗಿಡದ ಪರಾಗವನ್ನು ಅದಕ್ಕೇ ಉದುರಿಸುವುದು ನನ್ನ ಕೆಲಸ. ಹೀಗೆ ತನ್ನೊಳಗೇ ಕೂಡಿದ ಪೈರು ವರ್ಷದಿಂದ ವರ್ಷಕ್ಕೆ ಗಿಡ್ಡಾಗುತ್ತದೆ. ಅಂಥ ಎರಡು ಬಡಕಲು ತಳಿಗಳನ್ನು ಒಂದಕ್ಕೊಂದು ಕೂಡಿಸಿದರೆ ಹುಟ್ಟುವುದು ಮಾತ್ರ ಆಳೆತ್ತರ. ದಾರಿಹೋಕರಿಗೆಲ್ಲ ಇದನ್ನು ವಿವರಿಸುವ ಚಟ ನನಗಿತ್ತು. ಅವರು ಚೀಲ ಹೊತ್ತ ಗಿಡಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಲಗುಬಗೆಯಿಂದ ಹೋಗಿಬಿಡುತ್ತಿದ್ದರು.

ಹೋಗದೆ ನಿಂತು ಕೇಳಿದವರು ಮಾಳಮಡ್ಡಿಯ ಸೋದರಮಾವ ಒಬ್ಬರೇ. ಅವರ ಮಗಳು ನನಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಈಗ ಕಾಲೇಜು ಓದುತ್ತಿದ್ದ ಅವಳ ಮೇಲೆ ನನಗೆ ಜೀವವಿತ್ತು. ಯಾರಿಗೂ ಹೇಳಿರಲಿಲ್ಲ, ಅವಳಿಗೂ. ಮುಹೂರ್ತ ಇಡಿಸುವ ಮೊದಲು ಅಳಿಯನ ಕೆಲಸ ನೋಡೋಣವೆಂದು ಮಾಮಾ ಹೊಲಕ್ಕೆ ಬಂದರು.

ಮೊಣಕಾಲುದ್ದದ ಸಾಲು ನೋಡಿ ಅವರ ಮುಖ ಸಣ್ಣದಾಯಿತು. "ಏನಪಾ ಇದು, ಗೊಬ್ಬರಾ ಹಾಕಿಲ್ಲೇನು?"

ನನಗೆ ರೋಷ ಬಂತು. "ಗೊಬ್ಬರದ್ದಲ್ಲ ಮಾಮಾ, ಮನಿಯೊಳಗಿನ ಸಂಬಂಧದ್ದು. ಹೊರಗಿನ ಸಂಬಂಧ ಇಲ್ಲೆ ನೋಡ್ರಿ" ಎಂದು ಪಕ್ಕದ ಸಾಲಿಗೆ ಕರೆದೊಯ್ದೆ. ಅಲ್ಲಿ ಜೋಳ ಅವರ ರುಮಾಲನ್ನೂ ಮೀರಿ ನಿಂತಿತ್ತು.

ಮಾಮಾ ಬಹಳ ಹೊತ್ತು ನೋಡಿದರು. "ಮನಷ್ಯಾರಿಗೂ ಹಿಂಗ ಏನು?"

"ಜೀವ ಅಂದಮ್ಯಾಲೆ ಎಲ್ಲಾ ಒಂದ ರೀ" ಎಂದೆ. ಎಂಥ ಮೂರ್ಖ ನಾನು! ಆ ಹೊತ್ತಿನಲ್ಲಿ ಜೋಳದ ಹೊರತು ನನಗೆ ಯಾರೂ ನೆನಪಿರಲಿಲ್ಲ.

ಎಂಟು ದಿನಕ್ಕೆ ಮಾಮಾ ಫೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದರು. "ನೀ ಹೇಳಿದ್ದು ಖರೇ ಅದ. ಹುಡುಗೀನ್ನ ಬೆಳಗಾವಿ ವಕೀಲಗ ಕೊಟ್ಟೆ. ಏಳು ತಲಿಯಿಂದ ಅವರಿಗೂ ನಮಗೂ ಏನೂ ಸಂಬಂಧ ಇಲ್ಲ, ಛಲೋತ್ನ್ಯಾಗಿ ವಿಚಾರಿಸೇನಿ."

ಅವರ ಕಣ್ಣಲ್ಲಿ ನನ್ನ ಉಪಕಾರ ನೆನೆದ ನೀರು. ನಾನು ಫೇಡೆ ತಿಂದೆ. ಅವ್ವ ಒಳಗಿನಿಂದ, "ಇನ್ನ ಆ ಜ್ವಾಳಕ್ಕ ತಾಳಿ ಕಟ್ಟು" ಎಂದಳು.

ಮದುವೆಯಲ್ಲಿ ಮಾಮಾ ಮೊಣಕಾಲುದ್ದದ ಜೋಳದ ಕಥೆಯನ್ನು ಬೀಗರಿಗೆಲ್ಲ ಹೇಳಿ, "ಈ ಲಗ್ನಾ ಕೂಡಿಸಿದಾಂವ ಇವನ" ಎಂದು ನನ್ನನ್ನು ತೋರಿಸಿದರು. ವರ ಎದ್ದು ಕೈಮುಗಿದ. ಗಟ್ಟಿಮುಟ್ಟಾದ, ಬಾಗಿಲಿಗೆ ತಲೆ ತಾಕುವಂಥ ಮನುಷ್ಯ. ನಾನು ಉಂಡಿ ಬಡಿಸುತ್ತ ಬಂದು ಅವಳ ಎಲೆಯ ಮುಂದೆ ಬಗ್ಗಿದಾಗ, ಅವಳು ತಲೆಯೆತ್ತದೆ ಮೆಲ್ಲಗೆ ಹೇಳಿದಳು:

"ಮೊಣಕಾಲುದ್ದದ ಮಕ್ಕಳಾಗಿದ್ರೂ ನನಗ ನಡೀತಿತ್ತು."

ಅವಳ ಎಲೆಗೆ ಎರಡು ಉಂಡಿ ಹಾಕಿ ನಾನು ಮುಂದಿನ ಎಲೆಗೆ ಹೋದೆ.