ಹಗಲಲ್ಲಿ ಮುಚ್ಚಿದ ಕಣ

ನಮ್ಮ ಮನೆಗೆ ಕಳ್ಳರು ನುಗ್ಗಿದ್ದು ಹಾಡಹಗಲಲ್ಲಿ. ಮನೆಮಂದಿಯೆಲ್ಲ ಆಲ್ದೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಹಿಂಬಾಗಿಲ ಚಿಲಕ ಕಿತ್ತಿತ್ತು, ಬೀರು ಬಾಯಿ ತೆರೆದು ನಿಂತಿತ್ತು, ಅತ್ತೆಯ ಚಿನ್ನದ ಅವಲಕ್ಕಿ ಸರ ಇರಲಿಲ್ಲ. ಸೀರೆಗಳೆಲ್ಲ ನೆಲದ ಮೇಲೆ, ಅವುಗಳ ಮೇಲೆ ಬೂಟಿನ ಮಣ್ಣು. ಸಾಲದ್ದಕ್ಕೆ ಅಡುಗೆಮನೆಗೂ ಹೋಗಿ ಮಿಡಿ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ್ದರು. ಸರ ಹೋದದ್ದಕ್ಕೆ ನನಗೆ ಸಂಕಟವಾಯಿತು. ಉಪ್ಪಿನಕಾಯಿ ನೋಡಿದಾಗ ಮಾತ್ರ ಮೈಯೆಲ್ಲ ಉರಿದುಹೋಯಿತು.

ನಮ್ಮತ್ತೆ ಮದುವೆ, ನಾಮಕರಣ ಎಂದರೆ ಎಲ್ಲರಿಗಿಂತ ಮೊದಲು ಬಸ್ಸು ಹತ್ತುವವರು. ಆ ಸಂಜೆಯ ನಂತರ ಅವರು ಗೇಟು ದಾಟಲಿಲ್ಲ. ಸೀರೆಗಳನ್ನು ಮತ್ತೆ ಮತ್ತೆ ಒಗೆದರು, ಆದರೆ ಒಂದನ್ನೂ ಉಡಲಿಲ್ಲ. ಮನೆಯ ಬೀಗದ ಕೈ ಅವರ ಸೆರಗಿನ ತುದಿಗೆ ಗಂಟುಬಿತ್ತು. ನಾಯಿ ಬೊಗಳಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಸಂತೆಗೆ ಕರೆದರೂ ಒಂದೇ ಉತ್ತರ: "ನೀವು ಹೋಗ್ಬನ್ನಿ. ನಾ ಮನೇಲಿರ್ತೀನಿ."

ಅಷ್ಟರಲ್ಲಿ ಕಳಸದಿಂದ ಅತ್ತೆಯ ತಂಗಿ ಬಂದು ಮೊಮ್ಮಗಳ ಮದುವೆಗೆ ಕರೆದರು. ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವರೇ ನಮ್ಮತ್ತೆ. "ನಾ ಬರಲ್ಲ ಕಣೆ, ಬೇಜಾರು ಮಾಡ್ಕೋಬೇಡ," ಎಂದುಬಿಟ್ಟರು. ತಂಗಿ ಕಣ್ಣೊರೆಸಿಕೊಂಡು ಹೋದರು. ನಮ್ಮತ್ತೆಯನ್ನು ಹೇಗಾದರೂ ಆ ಮದುವೆಗೆ ಕರೆದೊಯ್ಯಲೇಬೇಕೆಂದು ನಾನು ಹಟ ಹಿಡಿದೆ.

ನನ್ನ ಗಂಡ ಕ್ಯಾಮೆರಾ ತಂದು ಜಗಲಿಗೆ ಹಾಕಿಸಿದರು. ಕರೆಂಟು ಹೋದಾಗಲೆಲ್ಲ ಅದೂ ಕಣ್ಣು ಮುಚ್ಚುತ್ತಿತ್ತು. ನಮ್ಮ ಕಡೆ ಕರೆಂಟು ಇರುವುದೆಷ್ಟು ಎಂದು ಹೇಳಬೇಕಾಗಿಲ್ಲ. ಅತ್ತೆ ಅದರ ಮುಖವನ್ನೂ ನೋಡಲಿಲ್ಲ.

ದೂರು ಕೊಟ್ಟ ದಿನ ಠಾಣೆಯಲ್ಲಿ, "ಮನೇಲಿ ಯಾರೂ ಇಲ್ಲ ಅಂತ ಯಾರಿಗೆ ಹೇಳಿದ್ರಿ?" ಎಂದು ಕೇಳಿದ್ದರು. ಯಾರಿಗೂ ಹೇಳಿಲ್ಲ ಎಂದು ನಾನು ರೇಗಿದ್ದೆ. ಒಂದು ಮಧ್ಯಾಹ್ನ ಮಲ್ಲಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಗ, ರಸ್ತೆ ಬದಿಯ ಮನೆಯೊಂದರ ಕಣದಲ್ಲಿ ಕಾಫಿ ಹಣ್ಣು ರಾಶಿಯಾಗಿ ಟಾರ್ಪಾಲಿನಡಿ ಇರುವುದು ಕಂಡಿತು. ಮೇಲೆ ರಣಬಿಸಿಲು. ಇವರೆಲ್ಲೋ ನೆಂಟರ ಮನೆಗೆ ಹೋಗಿರಬೇಕು ಅಂದುಕೊಂಡೆ. ಅಂದುಕೊಂಡ ಮರುಕ್ಷಣವೇ ನಮ್ಮ ಕಣ ನೆನಪಾಯಿತು. ಕೊಯ್ಲಿನ ಕಾಲದಲ್ಲಿ ನಾವೆಲ್ಲ ಬೆಳಿಗ್ಗೆ ಕಾಫಿ ಹರಡುತ್ತೇವೆ, ಆಗಾಗ ಕೈಯಾಡಿಸುತ್ತೇವೆ, ಸಂಜೆ ಇಬ್ಬನಿಗೆ ಮುಂಚೆ ಮುಚ್ಚುತ್ತೇವೆ. ಊರಿಗೆ ಹೊರಟರೆ ಮಾತ್ರ ಬೆಳಿಗ್ಗೆಯೇ ಮುಚ್ಚಿಡುತ್ತೇವೆ. ಆಲ್ದೂರಿಗೆ ಹೊರಟಾಗ ನಾವು ಮಾಡಿದ್ದೂ ಅದನ್ನೇ. ನಾವು ಯಾರಿಗೂ ಹೇಳಿರಲಿಲ್ಲ, ಆದರೆ ನಮ್ಮ ನೀಲಿ ಟಾರ್ಪಾಲು ರಸ್ತೆಯಲ್ಲಿ ಹೋಗುವವರಿಗೆಲ್ಲ ಹೇಳಿತ್ತು.

ನೆಟ್ಟಗೆ ಎದುರುಮನೆ ಅಕ್ಕನ ಹತ್ತಿರ ಹೋಗಿ, ಮದುವೆ ದಿನ ನಮ್ಮ ಕಾಫಿ ಹರಡಿ ಕೈಯಾಡಿಸುತ್ತೀರಾ ಎಂದು ಕೇಳಿದೆ. "ಇಷ್ಟೇನಾ ಮಾರಾಯ್ತಿ? ನೀವು ಹೋಗಿ, ಕಣ ನಂಗೆ ಬಿಡಿ. ಮುಂದಿನ ತಿಂಗ್ಳು ನಾವು ಧರ್ಮಸ್ಥಳಕ್ಕೆ ಹೋಗ್ತೀವಿ, ಆವಾಗ ನೀನು ನಮ್ಮ ಕಣ ನೋಡ್ಕೋ," ಎಂದರು.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಕಾಫಿ ಹರಡೇ ಇರುತ್ತೆ ಅತ್ತೆ. ರೇಡಿಯೋ ಹಾಡ್ತಿರುತ್ತೆ. ಅಕ್ಕ ಕಣದಲ್ಲಿರ್ತಾರೆ. ನೋಡಿದವ್ರಿಗೆ ನಾವು ಮನೇಲೇ ಇದೀವಿ." ಅವರು ಒಗೆದಿಟ್ಟ ಸೀರೆಗಳಲ್ಲಿ ಒಂದನ್ನು ತೆಗೆದು ಮೂಸಿ ನೋಡಿ, "ಇದು ಉಡ್ಲಾ?" ಎಂದು ಕೇಳಿದರು. ನನಗೆ ಅಲ್ಲೇ ಕುಣಿಯಬೇಕು ಅನಿಸಿತು.

ಕಳಸದ ಛತ್ರದಲ್ಲಿ ಅವರ ಕೈ ಸೆರಗಿನ ಗಂಟು ಬಿಟ್ಟಿರಲಿಲ್ಲ. ಧಾರೆ ಮುಗಿದು ಊಟಕ್ಕೆ ಕೂತಾಗ ಎದುರುಮನೆ ಅಕ್ಕನ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಬೈಕಲ್ಲಿ ಇಬ್ರು ಬಂದಿದ್ರು. ಮೆಣಸು ಕೊಡ್ತೀರಾ ಅಂತ ಕೇಳ್ತಾ ಹಿಂಬಾಗ್ಲ ಕಡೆ ನೋಡ್ತಿದ್ರು. ತಡೀರಿ, ಯಜಮಾನ್ರನ್ನ ಎಬ್ಬಿಸ್ತೀನಿ ಅಂದೆ. ಬೈಕು ತಿರುಗಿಸಿದ್ದೇ ಗೊತ್ತಾಗ್ಲಿಲ್ಲ ಮಾರಾಯ್ತಿ."

ಅವರು ಕಳ್ಳರೋ, ನಿಜವಾಗಿ ಮೆಣಸಿನ ವ್ಯಾಪಾರಿಗಳೋ ಇವತ್ತಿಗೂ ಗೊತ್ತಿಲ್ಲ. ಸರವೂ ಸಿಗಲಿಲ್ಲ. ಆದರೆ ನನ್ನ ಪಕ್ಕದಲ್ಲೇ ಪಕ್ಕೆ ಹಿಡಿದುಕೊಂಡು ನಗುತ್ತಿದ್ದ ನಮ್ಮತ್ತೆಯನ್ನು ನೋಡಿ ಗೆದ್ದದ್ದು ನಾವೇ ಎಂದು ನಾನು ತೀರ್ಮಾನಿಸಿದೆ. "ಯಜಮಾನ್ರು ಇಲ್ಲಿ ಹೋಳಿಗೆ ತಿಂತಿದಾರೆ," ಎಂದು ಅತ್ತೆ ತಮ್ಮ ಮಗನ ಕಡೆ ಕೈ ತೋರಿಸಿ ಇನ್ನಷ್ಟು ನಕ್ಕರು.

ಊಟವಾಗಿ ಹೊರಟು ನಿಂತೆವು. ಅತ್ತೆ ತಂಗಿಯ ಪಕ್ಕದಿಂದ ಏಳಲೇ ಇಲ್ಲ. ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದರು.

"ನೀವು ಹೋಗಿ," ಎಂದರು. "ನಾ ಬೀಗರೂಟ ಮುಗಿಸ್ಕೊಂಡೇ ಬರೋದು."